ನಡುಪಟ್ಟಿ

ಮೊದಲೇ ಹೇಳಿಬಿಟ್ಟೆ ಅಂಗಡಿಯ ಹುಡುಗನಿಗೆ:
ಬೆನ್ನಿನ ಡಿಸ್ಕು ಜಾರಿದೆ, ಹೌದು,
ಆಡುವುದೂ ಡಿಸ್ಕ್ ಗಾಲ್ಫೇ, ಹೌದು,
ಆ ಜೋಕು ಬೇಡ.
ಡಾಕ್ಟರು ಮಾಡಿಯಾಯಿತು, ಮೈದುನ ಮಾಡಿಯಾಯಿತು,
ಎಂಆರ್‌ಐ ಯಂತ್ರದೊಳಗೆ ಮಲಗಿ
ನಾನೇ ಒಮ್ಮೆ ಮಾಡಿಕೊಂಡು, ನಕ್ಕು, ಚಿತ್ರ ಕದಡಿ,
ಮತ್ತೆ ಇಪ್ಪತ್ತು ನಿಮಿಷ ಮಲಗಿದ್ದೂ ಆಯಿತು.

ಅಕ್ಸೆಲಿ ಅವನ ಹೆಸರು. ಇಪ್ಪತ್ತೆರಡಿರಬಹುದು.
ಗೋಡೆ ತುಂಬ ಚೀಲಗಳು ನೇತಾಡುತ್ತಿದ್ದವು,
ಇನ್ನೂ ಬೆನ್ನು ಕಾಣದ ಬೆನ್ನುಚೀಲಗಳು.
ಒಂದನ್ನಿಳಿಸಿ, "ಎಷ್ಟು ಹಗುರ ನೋಡಿ" ಎಂದ.
ಖಾಲಿ ಚೀಲ ಯಾವುದು ಹಗುರವಲ್ಲ, ಮಗು?
ಮೂವತ್ತೊಂದು ವರ್ಷ ಔಲುವಿನ ಬೀದಿಗಳಲ್ಲಿ
ಅಂಚೆ ಹೊತ್ತವಳು ನಾನು,
ಎಡ ಹೆಗಲಿಗೊಂದೇ ಪಟ್ಟಿ,
ಚುನಾವಣೆಯ ಕರಪತ್ರ, ಕ್ರಿಸ್ಮಸ್ಸಿನ ಕಾರ್ಡು,
ಯಾರದೋ ವಿಚ್ಛೇದನ, ಯಾರದೋ ಲಾಟರಿ.
ಹೊತ್ತು ಹೊತ್ತೇ ಹೊತ್ತು ಕಳೆದದ್ದು.
ತೂಕ ಎಷ್ಟೆಂದು ತಕ್ಕಡಿಗೆ ಗೊತ್ತು,
ಎಲ್ಲಿ ಎಂದು ಬೆನ್ನಿಗೆ ಮಾತ್ರ.

"ತುಂಬು" ಎಂದೆ. ಹದಿನೆಂಟು ಡಿಸ್ಕು, ಎರಡು ಬಾಟಲಿ ನೀರು,
ಮಳೆಯಂಗಿ, ಬಾಳೆಹಣ್ಣು (ಅವನ ಊಟದ್ದೇ ಆಗಲಿ).
ಅಂಗಡಿಯೊಳಗೇ ನಡೆದೆ, ಶೂಗಳ ಸಾಲು ದಾಟಿ
ಬಾಗಿಲವರೆಗೆ, ಮತ್ತೆ ಕೌಂಟರಿಗೆ,
ಹತ್ತು ನಿಮಿಷ, ಗಡಿಯಾರ ನೋಡಿಕೊಂಡು.
ಮೊದಲೆರಡು ನಿಮಿಷ ಎಲ್ಲ ಚೀಲವೂ ಒಳ್ಳೆಯದೇ,
ನೆಂಟರ ಹಾಗೆ.

ಒಂದು ಹಿಂದಕ್ಕೆ ಜಗ್ಗಿತು,
ಮಿಠಾಯಿ ಕಂಡ ಮಗು ಕೋಟು ಎಳೆದಂತೆ.
ಇನ್ನೊಂದರ ಪಟ್ಟಿ ಮೆತ್ತಗಿದ್ದರೂ
ಕುತ್ತಿಗೆಯ ಬುಡವನ್ನೇ ಹುಡುಕಿ ಕೂತಿತು.
ಮೂರನೆಯದು ಚೆಂದ. ನೀಲಿ.
ಆದರೆ ಡಿಸ್ಕು ತೆಗೆಯಲು ಪೂರ್ತಿ ಬಾಗಬೇಕು.
ಹದಿನೆಂಟು ಬುಟ್ಟಿ, ಬುಟ್ಟಿಗೆ ಮೂರೋ ನಾಲ್ಕೋ ಎಸೆತ,
ಅಷ್ಟು ಸಲ ನಾನು ದೇವರಿಗೂ ಬಾಗಿದವಳಲ್ಲ.
ಕೆಳಗಿಡುವಾಗ ಒಮ್ಮೆ ಸವರಿದೆ. ಸುಳ್ಳೇಕೆ ಹೇಳಲಿ?

ಕೊನೆಯದು ಬೂದಿ ಬಣ್ಣ, ನೆಂದ ಬೆಕ್ಕಿನ ಹಾಗೆ.
ಎರಡು ಕಾಲು ಬಿಚ್ಚಿ ತಾನೇ ನಿಲ್ಲುತ್ತದೆ,
ಪಟರ್‌ಗೆ ನೆತ್ತಿಯ ಮೇಲೆಯೇ ಜೇಬು,
ನಡುವಿಗೊಂದು ಅಗಲವಾದ ಪಟ್ಟಿ.
ಅಕ್ಸೆಲಿ ಹೆಗಲ ಪಟ್ಟಿ ಬಿಗಿಯಲು ಬಂದ.
"ಮೊದಲು ನಡು" ಎಂದೆ, "ಹೆಗಲು ಆಮೇಲೆ."
ಸೊಂಟದ ಮೂಳೆಯ ಮೇಲೆ ಕೂರಿಸಿ
ಕ್ಲಿಪ್ಪು ಟಕ್ ಎಂದಾಗ
ಹೆಗಲಿನಿಂದೇನೋ ಇಳಿಯಿತು, ಕಾಲಿಗೆ ಹೋಯಿತು,
ಕಾಲಿನಿಂದ ನೆಲಕ್ಕೆ.
ನೆಲಕ್ಕೆ ಹೊರುವುದು ಹೊಸದಲ್ಲ.

ನಾನು ಅಲ್ಲೇ ನಿಂತುಬಿಟ್ಟೆ.
ಇಷ್ಟೇನಾ?
ಅಂಗೈ ಅಗಲದ ಬಟ್ಟೆ, ಒಂದು ಪ್ಲಾಸ್ಟಿಕ್ ಕೊಂಡಿ.
ನಾನೂ ರೌನಿಯೂ ಸೇರಿ ಬರೆದುಕೊಟ್ಟ
ಬೇಡಿಕೆಗಳ ಪಟ್ಟಿಯಲ್ಲಿ
ಆರನೆಯದಾಗಿತ್ತು ಈ ಪಟ್ಟಿ.
ಐದರವರೆಗೆ ಓದಿ ಮೇಲಧಿಕಾರಿ ಕಾಫಿಗೆ ಎದ್ದಿದ್ದ.
ರೌನಿ ಈಗ ನಿಂತೇ ಊಟ ಮಾಡುತ್ತಾಳೆ.

"ಸರಿಯಾಗಿಲ್ಲವಾ?" ಹುಡುಗ ಕೇಳಿದ.
"ಸರಿಯಾಗಿದೆ. ಅದಕ್ಕೇ ಸಿಟ್ಟು."
ಅವನಿಗೆ ಅರ್ಥವಾಗಲಿಲ್ಲ.
ಬಾಳೆಹಣ್ಣು ಮಾತ್ರ ಮರೆಯದೆ ವಾಪಸು ತೆಗೆದುಕೊಂಡ.

ಭಾನುವಾರ, ಪೈನ್ ಮರಗಳ ಬುಡದಲ್ಲಿ
ಇನ್ನೂ ಹಿಮದ ತೇಪೆ.
ಆಡಲಾರೆ, ಸುಮ್ಮನೆ ಬರುತ್ತೇನೆ ಎಂದಿದ್ದ ರೌನಿ
ಮೂರನೆಯ ಬುಟ್ಟಿಯ ಹತ್ತಿರ ಕೈ ಚಾಚಿದಳು: ಕೊಡು ಇಲ್ಲಿ.
ಡಿಸ್ಕುಗಳನ್ನೆಲ್ಲ ಪಾಚಿಯ ಮೇಲೆ ಸುರಿದು
ಚೀಲ ತೊಡಿಸಿದೆ. ಮೊದಲು ನಡು.
ಒಂದು ಗಳಿಗೆ ಅವಳು ಮಾತಾಡಲಿಲ್ಲ.
ಆಮೇಲೆ ಶುರು ಮಾಡಿದಳು,
ನಮ್ಮ ಭಾಷೆಯಲ್ಲಿರುವ ಬೈಗುಳಗಳನ್ನೆಲ್ಲ,
ಬಿಡಿಸಿ ಬಿಡಿಸಿ, ಮನೆ ಮನೆಗೆ ಹಂಚುವಂತೆ,
ಆ ಮೇಲಧಿಕಾರಿಯ ವಿಳಾಸಕ್ಕೆ.

ನಗು ತಡೆಯದೆ ಎಸೆದ ನನ್ನ ಪಟರ್
ಸರಪಳಿಗೆ ಬಡಿದು ಝಣ್ ಎಂದಿತು.
ಹೊರಗೆ ಬಿತ್ತು.
"ಬಾಗಬೇಡ, ಇರು" ಎಂದು
ಇಬ್ಬರೂ ಒಟ್ಟಿಗೇ ಹೇಳಿದೆವು.